ನಾರ್ವೆಯಲ್ಲಿ ಮಾಂಸದ ಊಟ: ಹೊಸದಾಗಿ ಬಂದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ನಾರ್ವೆಗೆ ಬಂದು ಹನ್ನೊಂದು ವರ್ಷವಾಯಿತು. ಬರ್ಗೆನ್‌ನಲ್ಲಿ ಮನೆ. ಕೆಲಸಕ್ಕೋ ಓದಿಗೋ ಹೊಸದಾಗಿ ಬಂದ ಕನ್ನಡದವರು ಸಿಕ್ಕಾಗ ಬಾಡಿಗೆ, ಚಳಿ, ಮಕ್ಕಳ ಶಾಲೆ ಎಲ್ಲ ಮುಗಿದ ಮೇಲೆ ಮಾತು ಊಟದ ಕಡೆ ಹೊರಳುತ್ತದೆ. ಕುರಿತಲೆ, ಹಿಮಸಾರಂಗ, ತಿಮಿಂಗಿಲ ಎಂದೆಲ್ಲ ಕೇಳಿರುತ್ತಾರೆ. ಕುತೂಹಲ ಒಂದು ಪಾಲು, ಅಳುಕು ಎರಡು ಪಾಲು. ಎಲ್ಲ ಮಾಂಸ ತಿನ್ನುವವರು, ಕೆಲವನ್ನು ಮಾತ್ರ ತಿನ್ನುವವರು, ಏನೂ ತಿನ್ನದಿದ್ದರೂ ಇಲ್ಲಿನವರ ಜೊತೆ ಪಂಕ್ತಿಯಲ್ಲಿ ಕೂರಬೇಕಾದವರು, ಈ ಮೂವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

ಏನೂ ಅಭ್ಯಾಸವಿಲ್ಲ. ಎಲ್ಲಿಂದ ಶುರು ಮಾಡಲಿ?

ಫೋರಿಕೋಲ್‌ನಿಂದ. ಮೂಳೆ ಸಮೇತದ ಕುರಿಮಾಂಸ, ದಪ್ಪಗೆ ಹೋಳು ಮಾಡಿದ ಎಲೆಕೋಸು, ಉಪ್ಪು, ಇಡೀ ಕರಿಮೆಣಸು, ನೀರು. ಇಷ್ಟೇ. ಒಂದು ಪದರ ಮಾಂಸ, ಅದರ ಮೇಲೆ ಒಂದು ಪದರ ಕೋಸು ಎಂದು ಪಾತ್ರೆ ತುಂಬಿಸಿ, ಮಾಂಸ ಮೂಳೆ ಬಿಡುವವರೆಗೆ ಎರಡೂವರೆ ತಾಸು ಸಣ್ಣ ಉರಿಯಲ್ಲಿ ಬೇಯಿಸುತ್ತಾರೆ. ಬೇಯಿಸಿದ ಆಲೂಗಡ್ಡೆ ಜೊತೆಗಿರುತ್ತದೆ. 1972ರಲ್ಲಿ ಒಂದು ರೇಡಿಯೊ ಕಾರ್ಯಕ್ರಮದ ಮೂಲಕ ಇದು ರಾಷ್ಟ್ರೀಯ ಖಾದ್ಯ ಎನಿಸಿಕೊಂಡಿತು. 2014ರಲ್ಲಿ ಮತ್ತೆ ಆಯ್ಕೆ ನಡೆದಾಗಲೂ ಇದೇ ಉಳಿಯಿತು. ಸೆಪ್ಟೆಂಬರ್‌ನ ಕೊನೆಯ ಗುರುವಾರ ಫೋರಿಕೋಲ್ ದಿನ. ಅವತ್ತು ಆಫೀಸು ಕ್ಯಾಂಟೀನಿನಲ್ಲೂ ಸಿಗುವ ಸಾಧ್ಯತೆ ಹೆಚ್ಚು.

ನಾಲಿಗೆಗೆ ಮೊದಲು ಸಪ್ಪೆ ಅನಿಸುತ್ತದೆ. ಮಾಂಸವನ್ನು ಬಿಟ್ಟು ಕೋಸನ್ನು ಮೊದಲು ತಿಂದು ನೋಡಿ. ಕುರಿಯ ಕೊಬ್ಬು, ಮೆಣಸಿನ ಘಾಟು ಎರಡನ್ನೂ ಹೀರಿಕೊಂಡ ಆ ಕೋಸಿನಲ್ಲೇ ಅಡುಗೆಯ ರುಚಿ ಇರುವುದು. ಮೆಣಸಿನಕಾಳನ್ನು ಮಾತ್ರ ತಟ್ಟೆಯ ಅಂಚಿಗೆ ಸರಿಸುತ್ತ ಹೋಗಿ.

ಇಲ್ಲಿನವರು ಕುರಿತಲೆ, ಉಪ್ಪು ಹಾಕಿ ಒಣಗಿಸಿದ ಮಾಂಸ ಅಂತೆಲ್ಲ ಯಾಕೆ ತಿನ್ನುತ್ತಾರೆ? ತಾಜಾ ಮಾಂಸ ಇಲ್ಲವೇ?

ಅಂಗಡಿಯಲ್ಲಿ ವರ್ಷವಿಡೀ ಇದೆ. ಆದರೆ ಈ ಅಡುಗೆಗಳು ಹುಟ್ಟಿದ್ದು ಫ್ರಿಜ್ ಇಲ್ಲದ ಕಾಲದಲ್ಲಿ, ಅರ್ಧ ವರ್ಷ ಹುಲ್ಲೇ ಬೆಳೆಯದ ನೆಲದಲ್ಲಿ.

ನನಗೆ ಈ ಊಟ ಅರ್ಥವಾದದ್ದು ಒಂದು ಕುರಿಯ ವರ್ಷವನ್ನು ನೋಡಿದ ಮೇಲೆ. ಬೇಸಿಗೆ ಶುರುವಾಗುತ್ತಿದ್ದಂತೆ ಕುರಿಗಳನ್ನು ಬೆಟ್ಟಕ್ಕೆ ಬಿಡುತ್ತಾರೆ. ಅವು ತಿಂಗಳುಗಟ್ಟಲೆ ಅಲ್ಲಿಯೇ ಮೇಯುತ್ತವೆ. ಸೆಪ್ಟೆಂಬರ್ ಹೊತ್ತಿಗೆ ಮನೆಮಂದಿ, ನೆಂಟರು, ನೆರೆಯವರು, ನಾಯಿಗಳು ಎಲ್ಲ ಸೇರಿ ಬೆಟ್ಟ ಜಾಲಾಡಿ ಮಂದೆಯನ್ನು ಕೆಳಗಿಳಿಸುತ್ತಾರೆ. ಚಳಿಗಾಲಕ್ಕೆ ಕೂಡಿಟ್ಟ ಹುಲ್ಲು ಎಷ್ಟು ಹೊಟ್ಟೆಗೆ ಸಾಕೋ ಅಷ್ಟನ್ನು ಕೊಟ್ಟಿಗೆಗೆ ಕಟ್ಟಿ ಉಳಿದದ್ದನ್ನು ಕಡಿಯುತ್ತಿದ್ದರು. ಆಗ ಕೈಗೆ ಬಂದ ತಾಜಾ ಮಾಂಸ ಫೋರಿಕೋಲ್ ಆಯಿತು. ಹಿಂಗಾಲಿನ ತೊಡೆ ಉಪ್ಪಿನಲ್ಲಿ ಮಲಗಿ, ಆಮೇಲೆ ತಿಂಗಳುಗಟ್ಟಲೆ ಗಾಳಿಗೆ ತೂಗಿ ಫೇನಾಲೋರ್ ಆಯಿತು. ಪಕ್ಕೆಲುಬು ಉಪ್ಪಾಗಿ ಒಣಗಿ ಕ್ರಿಸ್‌ಮಸ್ ರಾತ್ರಿಯ ಪಿನ್ನೆಶೊಟ್ ಆಯಿತು. ಮಾರಿದರೆ ಯಾರೂ ಕೊಳ್ಳದ ತಲೆ ಮನೆಯವರಿಗೇ ಉಳಿದು ಸ್ಮಾಲಾಹೋವೆ ಆಯಿತು. ರಕ್ತಕ್ಕೆ ಹಿಟ್ಟು ಸೇರಿತು, ಶ್ವಾಸಕೋಶವನ್ನೂ ಕೊಚ್ಚಿ ಬೇಯಿಸಿದರು.

ಹೀಗಾಗಿ ನಿಮ್ಮ ಮುಂದೆ ಬಂದ ತಟ್ಟೆ ವಿಚಿತ್ರ ಅನಿಸಿದಾಗ ‘ಇದು ಯಾವ ತಿಂಗಳ ಊಟ, ಹೇಗೆ ಕೆಡದಂತೆ ಇಟ್ಟಿದ್ದರು’ ಎಂದು ಕೇಳಿ. ಆ ಒಂದು ಪ್ರಶ್ನೆಗೆ ಇಲ್ಲಿನ ಹಿರಿಯರು ಅರ್ಧ ಗಂಟೆ ಮಾತಾಡುತ್ತಾರೆ. ಮಿತಭಾಷಿಗಳು ಎಂದು ಹೆಸರಾದ ಜನ, ಕುರಿಯ ವಿಷಯಕ್ಕೆ ಬಂದರೆ ಮಾತಿಗೆ ಬರವಿಲ್ಲ.

ಸ್ಮಾಲಾಹೋವೆ ಅಂದರೆ ನಿಜವಾಗಿ ಕುರಿತಲೆಯೇ? ತಿನ್ನುವುದು ಹೇಗೆ?

ಹೌದು. ‘ಸ್ಮಾಲೆ’ ಎಂದರೆ ಪಶ್ಚಿಮ ನಾರ್ವೆಯ ಆಡುಮಾತಿನಲ್ಲಿ ಕುರಿ, ‘ಹೋವೆ’ ಎಂದರೆ ತಲೆ. ವೊಸ್ ಸುತ್ತಮುತ್ತಲಿನ ಸೀಮೆ ಇದಕ್ಕೆ ಹೆಸರುವಾಸಿ. ಉಣ್ಣೆಯನ್ನು ಬೆಂಕಿಯಲ್ಲಿ ಸುಟ್ಟು ತೆಗೆದು, ತಲೆಯನ್ನು ಉದ್ದಕ್ಕೆ ಎರಡು ಸೀಳು ಮಾಡಿ, ಮಿದುಳು ತೆಗೆದು, ಉಪ್ಪುನೀರಿನಲ್ಲಿ ನೆನೆಸಿ, ಒಣಗಿಸುತ್ತಾರೆ. ಕೆಲವರು ಹೊಗೆಯನ್ನೂ ಹಾಯಿಸುತ್ತಾರೆ. ಊಟದ ದಿನ ಮೂರು ತಾಸು ಬೇಯಬೇಕು. ಒಬ್ಬರಿಗೆ ಅರ್ಧ ತಲೆ. ಜೊತೆಗೆ ಆಲೂಗಡ್ಡೆ, ಕೋಲ್‌ರೂಟ್ ಎಂಬ ಹಳದಿ ಗಡ್ಡೆಯನ್ನು ಬೇಯಿಸಿ ಮಸೆದ ಪಲ್ಯದಂಥದ್ದು. ಕ್ರಿಸ್‌ಮಸ್‌ಗೆ ಮುಂಚಿನ ಕೊನೆಯ ಭಾನುವಾರ ಉಣ್ಣುವುದು ಹಳೆಯ ರೂಢಿ. ಈಗ ಶರತ್ಕಾಲದಿಂದಲೇ ಬಡಿಸುವ ಜಾಗಗಳಿವೆ.

ನಾನು ಮೊದಲು ತಿಂದದ್ದು ವೊಸ್ ಹತ್ತಿರ, ಕುರಿ ಸಾಕುವ ಒಂದು ಮನೆಯಲ್ಲಿ. ಜೊತೆಗೆ ಕೆಲಸ ಮಾಡುವ ಗೆಳತಿಯ ತಾಯಿ ಬಡಿಸಿದರು. ತಟ್ಟೆಯಲ್ಲಿ ಅರ್ಧ ತಲೆ ಮಗ್ಗುಲಾಗಿ ಮಲಗಿತ್ತು. ಚರ್ಮಕ್ಕೆ ಹಳೆಯ ಹಿತ್ತಾಳೆಯ ಬಣ್ಣ, ಬೆಂಕಿ ಹೆಚ್ಚು ತಾಗಿದ ಕಡೆ ಕಪ್ಪು. ರೆಪ್ಪೆ ಮುಚ್ಚಿತ್ತು. ತುಟಿ ಸರಿದು ಕೆಳಸಾಲಿನ ಹಲ್ಲು ಕಾಣುತ್ತಿತ್ತು. ಕುರಿಗೆ ಮುಂದುಗಡೆ ಮೇಲಿನ ಹಲ್ಲಿಲ್ಲ ಎಂಬುದು ನನಗೆ ಅಂದೇ ತಿಳಿದದ್ದು. ಸುಟ್ಟ ತೊಗಲಿನ ಮತ್ತು ಹೊಗೆಯ ವಾಸನೆ ಒಟ್ಟಿಗೆ ಮೂಗಿಗೆ ಬಂತು. ತಲೆಮಾಂಸ ತಿಂದು ಗೊತ್ತಿದ್ದವರಿಗೆ ಆ ವಾಸನೆ ಹೊಸದೇನಲ್ಲ, ತಲೆ ತಲೆಯಾಗಿಯೇ ಎದುರಿಗೆ ಬರುವುದು ಹೊಸದು.

ಆ ತಾಯಿ ಚಾಕುವಿನ ತುದಿಯನ್ನು ಕಿವಿಯ ಬುಡಕ್ಕೆ ಹಿಡಿದು ‘ಮೊದಲು ಇದು, ಆಮೇಲೆ ಕಣ್ಣು, ಬಿಸಿ ಇರುವಾಗಲೇ’ ಎಂದರು. ಈ ಎರಡರಲ್ಲೇ ಕೊಬ್ಬು ಹೆಚ್ಚು, ಕುರಿಕೊಬ್ಬು ಆರಿದರೆ ಮೇಣದಂತೆ ಅಂಗುಳಿಗೆ ಅಂಟುತ್ತದೆ. ಕಿವಿ ಮೆತ್ತಗಿತ್ತು, ಒಳಗೆ ಎಲುಬಿನ ಕುಡಿಯಂಥ ಗರಗರ. ಕಣ್ಣನ್ನು ಅವರೇ ಚಮಚದಲ್ಲಿ ಬಿಡಿಸಿಕೊಟ್ಟರು. ತಿನ್ನುವುದು ಕಣ್ಣಿನ ಸುತ್ತಲ ಮಾಂಸ ಮತ್ತು ಕೊಬ್ಬು. ನಡುವಿನ ಗಟ್ಟಿ ಮಣಿಯನ್ನು ಎಲ್ಲರೂ ತಟ್ಟೆಯ ಅಂಚಿನಲ್ಲಿ ಇಟ್ಟಿದ್ದರು. ಅಲ್ಲಿಂದ ಮುಂದೆ ಎಲ್ಲ ಸುಲಭ. ದಿನವಿಡೀ ಮೆಲುಕು ಹಾಕಿ ಬಲಿತ ಕೆನ್ನೆಯ ಮಾಂಸ ಕಂದು ಬಣ್ಣದ ಎಳೆಎಳೆ, ಬಲು ರುಚಿ. ನಾಲಿಗೆಯ ಮೇಲಿನ ಒರಟು ಸಿಪ್ಪೆ ಸುಲಿದರೆ ಒಳಗೆ ಬೆಣ್ಣೆ. ನನ್ನನ್ನು ಕೇಳಿದರೆ ಕೆನ್ನೆ ಮತ್ತು ನಾಲಿಗೆಗಾಗಿಯೇ ಅಷ್ಟು ದೂರ ಹೋಗಬಹುದು.

ಕಣ್ಣು ತಿನ್ನಲಾರೆ ಎನಿಸಿದರೆ ಬಿಡಿ. ಯಾರೂ ಏನೂ ಅಂದುಕೊಳ್ಳುವುದಿಲ್ಲ. ಆದರೆ ಫೋಟೊ ತೆಗೆಯುವ ಮುಂಚೆ ಮನೆಯವರನ್ನು ಕೇಳಿ, ಮುಖ ಕಿವುಚಿ ವಿಡಿಯೊ ಮಾಡಬೇಡಿ. ಕುರಿಯ ಉಳಿದ ಭಾಗವನ್ನೆಲ್ಲ ಮಾರಿ ತಲೆಯನ್ನಷ್ಟೇ ಉಂಡ ಬಡವರ ಊಟವಿದು. ಆ ಮೇಜಿನಲ್ಲಿ ಕೂತ ಕೆಲವರ ಬಾಲ್ಯ ಅದರಲ್ಲಿದೆ.

ಮಿದುಳಿನ ಕಾಯಿಲೆ ಬರುತ್ತದೆಯೇ? ತಲೆ ತಿನ್ನುವುದು ಸುರಕ್ಷಿತವೇ?

ಕುರಿಗಳಿಗೆ ಸ್ಕ್ರೇಪಿ ಎಂಬ ನರರೋಗ ಬರುತ್ತದೆ. ಅದರ ಭಯದಿಂದಲೇ 1998ರಲ್ಲಿ ಬಂದ ಐರೋಪ್ಯ ನಿಯಮದ ನಂತರ ಬಲಿತ ಕುರಿಯ ತಲೆಯಿಂದ ಸ್ಮಾಲಾಹೋವೆ ಮಾಡುವಂತಿಲ್ಲ, ಮರಿಯ ತಲೆ ಮಾತ್ರ. ಮಿದುಳನ್ನು ಮೊದಲೇ ತೆಗೆದಿರುತ್ತಾರೆ. 2016ರಲ್ಲಿ ನೂರ್‌ಫ್ಯೆಲ್ಲಾ ಬೆಟ್ಟಸೀಮೆಯ ಕಾಡು ಹಿಮಸಾರಂಗದಲ್ಲಿ ಇಂಥದ್ದೇ ಇನ್ನೊಂದು ರೋಗ, ಸಿ.ಡಬ್ಲ್ಯು.ಡಿ., ಯುರೋಪಿನಲ್ಲಿ ಮೊದಲ ಬಾರಿಗೆ ಪತ್ತೆಯಾಯಿತು. ರೋಗ ಕಂಡ ಆ ವಲಯದ ಎರಡು ಸಾವಿರಕ್ಕೂ ಹೆಚ್ಚು ಪ್ರಾಣಿಗಳ ಹಿಂಡನ್ನು ಸರ್ಕಾರ 2018ರ ಹೊತ್ತಿಗೆ ಪೂರ್ತಿ ಕೊಲ್ಲಿಸಿತು. ಮನುಷ್ಯರಿಗೆ ಈ ರೋಗ ದಾಟಿದ ಪ್ರಕರಣ ಈವರೆಗೆ ಕಂಡುಬಂದಿಲ್ಲ. ಅಂಗಡಿ ಮತ್ತು ಹೋಟೆಲಿನ ಮಾಂಸ ತಪಾಸಣೆ ದಾಟಿ ಬಂದದ್ದು, ನಾನು ನಿಶ್ಚಿಂತೆಯಿಂದ ತಿನ್ನುತ್ತೇನೆ.

ಪಿನ್ನೆಶೊಟ್ ಬಾಯಿಗಿಡಲಾಗದಷ್ಟು ಉಪ್ಪಂತೆ?

ನೆನೆಸದೆ ಬೇಯಿಸಿದರೆ ಹೌದು. ಹೊಸಬರು ಮಾಡುವ ತಪ್ಪು ಅದೇ. ಕ್ರಿಸ್‌ಮಸ್ ಮುಂದೆ ಅಂಗಡಿಯಲ್ಲಿ ಕಟ್ಟಿಗೆಯಂತೆ ಗಟ್ಟಿಯಾದ ಪಕ್ಕೆಲುಬು ಸಿಗುತ್ತದೆ. ಎಲುಬಿನ ಮಧ್ಯೆ ಕೊಯ್ದು ಬಿಡಿಬಿಡಿ ಮಾಡಿ, ತಣ್ಣೀರಿನಲ್ಲಿ ಮೂವತ್ತು ತಾಸಿನಷ್ಟು ಹೊತ್ತು ನೆನೆಸಬೇಕು, ನಡುವೆ ನೀರು ಬದಲಾಯಿಸಬೇಕು. ಪಾತ್ರೆಯ ತಳದಲ್ಲಿ ತೊಗಟೆ ಸುಲಿದ ಬರ್ಚ್ ಕಡ್ಡಿಗಳನ್ನು ಅಡ್ಡಡ್ಡ ಜೋಡಿಸಿ, ಕಡ್ಡಿ ಮುಳುಗುವಷ್ಟೇ ನೀರು ಹಾಕಿ, ಮೇಲೆ ಮಾಂಸವಿಟ್ಟು ಮೂರು ತಾಸು ಹಬೆಯಲ್ಲಿ ಬೇಯಿಸುತ್ತಾರೆ. ‘ಪಿನ್ನೆ’ ಎಂದರೆ ಕಡ್ಡಿ. ನೀರು ಆರುತ್ತದೆ, ಆಗಾಗ ನೋಡುತ್ತಿರಿ. ತಳದಲ್ಲಿ ಉಳಿಯುವ ಆ ಉಪ್ಪು ಕೊಬ್ಬಿನ ರಸವನ್ನು ಚೆಲ್ಲಬೇಡಿ, ಗಡ್ಡೆಯ ಪಲ್ಯಕ್ಕೆ ಎರಡು ಚಮಚ ಹಾಕಿದರೆ ಬೇರೆ ಉಪ್ಪು ಬೇಡ.

ಪಶ್ಚಿಮ ನಾರ್ವೆಯ ಮನೆಗಳಲ್ಲಿ ಡಿಸೆಂಬರ್ 24ರ ರಾತ್ರಿಯ ಊಟ ಇದು. ಓಸ್ಲೊ ಕಡೆಯವರು ಅದೇ ರಾತ್ರಿ ರಿಬ್ಬೆ ಎಂಬ ಹಂದಿಮಾಂಸ ತಿನ್ನುತ್ತಾರೆ. ಯಾರ ಮನೆಯ ಆಹ್ವಾನ ಎಂಬುದರ ಮೇಲೆ ಯಾವ ಪ್ರಾಣಿ ಎಂದು ತಿಳಿಯಿತು ಎಂದುಕೊಳ್ಳಬೇಡಿ. ಗಂಡ ಬರ್ಗೆನ್, ಹೆಂಡತಿ ಓಸ್ಲೊ ಆದರೆ ಎರಡೂ ಇರುತ್ತವೆ. ಮೊದಲೇ ಕೇಳಿ. ಬಿಪಿ ಇರುವವರು ಎರಡು ತುಂಡಿಗೆ ನಿಲ್ಲಿಸುವುದು ಒಳ್ಳೆಯದು.

ಹಿಮಸಾರಂಗದ ಮಾಂಸ ಎಲ್ಲಿ, ಹೇಗೆ ತಿನ್ನಬೇಕು?

ಸುಲಭದ ದಾರಿ ಅಂಗಡಿಯ ಫ್ರೀಜರ್. ‘ರೈನ್ಸ್‌ಡೀರ್‌ಸ್ಕಾವ್’ ಎಂಬ ಹೆಸರಿನಲ್ಲಿ ಎಲೆಯಷ್ಟು ತೆಳ್ಳಗೆ ಹೆರೆದ ಮಾಂಸ ಸಿಗುತ್ತದೆ. ಪೂರ್ತಿ ಕರಗುವ ಮುಂಚೆಯೇ, ಕಾದ ಬಾಣಲೆಗೆ ಹಿಡಿಹಿಡಿಯಾಗಿ ಹಾಕಿ ಹುರಿಯಬೇಕು. ಒಮ್ಮೆಗೇ ಸುರಿದರೆ ನೀರು ಬಿಟ್ಟು ಬೆಂದುಹೋಗುತ್ತದೆ, ಹುರಿದ ಪರಿಮಳ ಬರುವುದಿಲ್ಲ. ಆಮೇಲೆ ಅಣಬೆ, ಜಜ್ಜಿದ ನಾಲ್ಕಾರು ಜುನಿಪರ್ ಕಾಯಿ, ಹುಳಿಗೆನೆ, ಕೊನೆಗೆ ಇಲ್ಲಿನ ಕಂದು ಚೀಸಿನ ಒಂದೆರಡು ತೆಳು ಹೋಳು. ಮಸೆದ ಆಲೂಗಡ್ಡೆ ಮತ್ತು ತೀತೆಬ್ಯಾರ್ ಎಂಬ ಹುಳಿ ಕೆಂಪು ಹಣ್ಣಿನ ಜೊತೆ ಬಡಿಸುತ್ತಾರೆ. ಈ ಅಡುಗೆಗೆ ಹೋಟೆಲುಗಳಲ್ಲಿ ಫಿನ್‌ಬಿಫ್ ಎಂಬ ಹೆಸರು. ‘ಫಿನ್’ ಎಂಬುದು ಉತ್ತರದ ಮೂಲನಿವಾಸಿಗಳಾದ ಸಾಮಿ ಜನರಿಗೆ ನಾರ್ವೆಯವರು ಹಿಂದೆ ಬಳಸುತ್ತಿದ್ದ ಪದ. ಸಾಮಿ ಮನೆಗೆ ಹೋದರೆ ಅದನ್ನು ಬಳಸದಿರುವುದೇ ಲೇಸು.

ಆದರೆ ಹಿಮಸಾರಂಗದ ಊಟ ಅಂದರೆ ನನಗೆ ನೆನಪಾಗುವುದು ಬಿದೋಸ್. ಕಾರಾಶೋಕ್‌ನಲ್ಲಿ ಒಂದು ಫೆಬ್ರುವರಿ 6ರಂದು ಉಂಡದ್ದು. ಅಂದು ಸಾಮಿ ಜನರ ರಾಷ್ಟ್ರೀಯ ದಿನ, 1917ರಲ್ಲಿ ಟ್ರಾನ್‌ಹೈಮ್‌ನಲ್ಲಿ ಅವರ ಮೊದಲ ಸಮಾವೇಶ ಸೇರಿದ ದಿನ. ಹೊರಗೆ ಉಸಿರು ಬಿಟ್ಟರೆ ಮಂಜು. ಒಳಗೆ ದೊಡ್ಡ ಹಂಡೆಯಲ್ಲಿ ಹಿಮಸಾರಂಗದ ಮಾಂಸ, ಆಲೂಗಡ್ಡೆ, ಕ್ಯಾರೆಟ್, ಈರುಳ್ಳಿ, ಉಪ್ಪು. ಮಸಾಲೆ ಎಂಬುದೇ ಇಲ್ಲ. ಮದುವೆಯಲ್ಲೂ ನೂರಾರು ಜನಕ್ಕೆ ಬಡಿಸುವುದು ಇದನ್ನೇ. ಕೆಂಪು ಮಾಂಸ, ಕೊಬ್ಬು ಕಡಿಮೆ, ಕಾಡುಪ್ರಾಣಿಯ ಗಾಢ ರುಚಿ ಇದ್ದರೂ ನಾತವಿಲ್ಲ. ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಎಲುಬು ಸೀಳಿ ಒಳಗಿನ ಮಜ್ಜೆಯನ್ನು ನನ್ನ ಬಟ್ಟಲಿಗೆ ಹಾಕಿದರು. ಅಲ್ಲಿ ನಾಲಿಗೆ, ಹೃದಯ, ರಕ್ತ ಯಾವುದೂ ವ್ಯರ್ಥವಾಗುವುದಿಲ್ಲ. ತೊಗಲು ಪಾದರಕ್ಷೆಯಾಗುತ್ತದೆ, ಕೊಂಬು ಚಾಕುವಿನ ಹಿಡಿಯಾಗುತ್ತದೆ.

ಒಂದು ವಿಷಯ ಮರೆಯಬೇಡಿ. ಸಾಮಿ ದನಗಾಹಿಗಳನ್ನು, ಅಂದರೆ ಹಿಮಸಾರಂಗ ಮೇಯಿಸುವವರನ್ನು, ‘ನಿಮ್ಮ ಹತ್ತಿರ ಎಷ್ಟು ಪ್ರಾಣಿಗಳಿವೆ’ ಎಂದು ಕೇಳಬಾರದು. ಬ್ಯಾಂಕಿನಲ್ಲಿ ಎಷ್ಟು ಹಣವಿದೆ ಎಂದು ಕೇಳಿದಂತೆ. ಬಯಲಿನಲ್ಲಿ ಒಂಟಿಯಾಗಿ ಅಲೆಯುವ ಹಿಮಸಾರಂಗಕ್ಕೂ ಉತ್ತರದಲ್ಲಿ ಒಡೆಯರಿದ್ದಾರೆ. ಕರುವಿನ ಕಿವಿಯಲ್ಲಿ ಚಾಕುವಿನಿಂದ ಕೊಯ್ದ ಗುರುತು ಯಾರದು ಎಂಬುದು ದಾಖಲಾಗಿರುತ್ತದೆ.

ಚೆರ್ನೋಬಿಲ್ ವಿಕಿರಣ ಹಿಮಸಾರಂಗದ ಮಾಂಸದಲ್ಲಿದೆ ಎನ್ನುತ್ತಾರೆ. ನಿಜವೇ?

ನಿಜ ಇತ್ತು. 1986ರ ಏಪ್ರಿಲ್ 26ರ ಅಣುಸ್ಥಾವರ ದುರಂತದ ನಂತರ ಮಳೆಯ ಜೊತೆ ವಿಕಿರಣ ಸೂಸುವ ಸೀಸಿಯಂ ಇಲ್ಲಿನ ಬೆಟ್ಟಗಳ ಮೇಲೆ ಬಿತ್ತು. ಚಳಿಗಾಲದಲ್ಲಿ ಹಿಮಸಾರಂಗದ ಆಹಾರ ಕಲ್ಲುಹೂವು. ಅದಕ್ಕೆ ಬೇರಿಲ್ಲ, ಗಾಳಿ ಮಳೆಯಿಂದಲೇ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಹೀಗೆ ಸೀಸಿಯಂ ಕಲ್ಲುಹೂವಿನಿಂದ ಮಾಂಸಕ್ಕೆ ಬಂತು. ಅದೇ ವರ್ಷದ ನವೆಂಬರಿನಲ್ಲಿ ಸರ್ಕಾರ ಹಿಮಸಾರಂಗದ ಮಾಂಸದ ಮಿತಿಯನ್ನು ಕಿಲೋಗೆ 600 ಬೆಕ್ವೆರೆಲ್‌ನಿಂದ (ವಿಕಿರಣದ ಅಳತೆ) 6,000ಕ್ಕೆ ಏರಿಸಿತು. ಇಲ್ಲದಿದ್ದರೆ ಸಾಮಿಗಳ ಬದುಕೇ ಮುಳುಗುತ್ತಿತ್ತು. 1994ರಲ್ಲಿ ಅದನ್ನು 3,000ಕ್ಕೆ ಇಳಿಸಿದರು. ಜೀವಂತ ಪ್ರಾಣಿಯನ್ನೇ ಅಳೆದು, ಹೆಚ್ಚಿದ್ದರೆ ಕೆಲವು ವಾರ ಶುದ್ಧ ಮೇವು ಹಾಕಿ, ಸೀಸಿಯಂ ಕಟ್ಟಿಹಾಕುವ ಪ್ರಷ್ಯನ್ ಬ್ಲೂ ಎಂಬ ನೀಲಿ ವಸ್ತುವನ್ನು ಕೊಟ್ಟು, ಮಟ್ಟ ಇಳಿದ ಮೇಲೆ ಕಡಿಯುವ ಪದ್ಧತಿ ಬಂತು. ವರ್ಷಗಳು ಕಳೆದಂತೆ ಮಟ್ಟ ತುಂಬ ಇಳಿದಿದೆ. ವರ್ಷಕ್ಕೆ ನಾಲ್ಕಾರು ಸಲ ತಿನ್ನುವ ನಮ್ಮಂಥವರು ಚಿಂತೆ ಮಾಡಬೇಕಾಗಿಲ್ಲ. ಆ ಭಾರವನ್ನು ಹೊತ್ತವರು ದಿನಾ ಅದನ್ನೇ ಉಣ್ಣುತ್ತಿದ್ದ ಸಾಮಿ ಕುಟುಂಬಗಳು.

ಆಫೀಸಿನಲ್ಲಿ ಒಬ್ಬರು ಬೇಟೆಯ ಮಾಂಸ ಕೊಟ್ಟಿದ್ದಾರೆ. ಏನು ಮಾಡಲಿ?

ದೊಡ್ಡ ಸ್ನೇಹದ ಗುರುತು ಅದು, ತೆಗೆದುಕೊಳ್ಳಿ. ಬಹುಶಃ ಎಲ್ಗ್, ಅಂದರೆ ಮೂಸ್, ಕುದುರೆಗಿಂತ ಎತ್ತರದ ಜಿಂಕೆ ಜಾತಿಯ ಪ್ರಾಣಿ. ಹೆಚ್ಚಿನ ಕಡೆ ಇದರ ಬೇಟೆ ಸೆಪ್ಟೆಂಬರ್ 25ಕ್ಕೆ ಶುರುವಾಗುತ್ತದೆ. ಪರವಾನಗಿ, ಪರೀಕ್ಷೆ, ಎಷ್ಟು ಪ್ರಾಣಿ ಎಂಬ ಲೆಕ್ಕ ಎಲ್ಲ ಕಟ್ಟುನಿಟ್ಟು. ಕಡಿದ ಮಾಂಸವನ್ನು ಕೂಡಲೇ ತಿನ್ನದೆ ತಣ್ಣನೆಯ ಕೋಣೆಯಲ್ಲಿ ತೂಗುಹಾಕಿ ಹದಕ್ಕೆ ತರುತ್ತಾರೆ. ಅದಕ್ಕೆ ಇಲ್ಲೊಂದು ಚೆಂದದ ಲೆಕ್ಕವಿದೆ: ದಿನಗಳನ್ನು ಉಷ್ಣತೆಯಿಂದ ಗುಣಿಸಿದರೆ 40 ಬರಬೇಕು. 4 ಡಿಗ್ರಿ ಇದ್ದರೆ ಹತ್ತು ದಿನ, 5 ಇದ್ದರೆ ಎಂಟು.

ಮಾಂಸಕ್ಕೆ ಗುಂಡು ಎಲ್ಲಿ ತಾಗಿತ್ತು ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಸೀಸದ ಗುಂಡಾದರೆ ಗಾಯದ ಸುತ್ತಲಿನ ಮಾಂಸವನ್ನು ಧಾರಾಳವಾಗಿ ಕೊಯ್ದು ಎಸೆದಿರಬೇಕು. ಖೀಮಾ ರೂಪದಲ್ಲಿ ಕೊಟ್ಟರೆ ಇನ್ನೂ ಮುಖ್ಯ, ಯಾಕೆಂದರೆ ಸೀಸದ ಕಣ ಕಣ್ಣಿಗೆ ಕಾಣುವುದಿಲ್ಲ. ಚಿಕ್ಕ ಮಕ್ಕಳು, ಬಸುರಿಯರು ಅಂಥದ್ದನ್ನು ಮತ್ತೆ ಮತ್ತೆ ತಿನ್ನಬಾರದು.

ತಿಮಿಂಗಿಲ?

ಮಾರುಕಟ್ಟೆಯಲ್ಲಿ ಸಿಗುತ್ತದೆ, ಕಾನೂನಿನ ಅಡ್ಡಿಯಿಲ್ಲ. ಅಂತರರಾಷ್ಟ್ರೀಯ ನಿಷೇಧಕ್ಕೆ ನಾರ್ವೆ ಆಕ್ಷೇಪ ಸಲ್ಲಿಸಿ 1993ರಿಂದ ಮಿಂಕೆ ತಿಮಿಂಗಿಲದ ವಾಣಿಜ್ಯ ಬೇಟೆಯನ್ನು ಮತ್ತೆ ನಡೆಸುತ್ತಿದೆ. ಕಡು ಕೆಂಪು ಮಾಂಸ, ನೋಡಿದರೆ ಸಮುದ್ರದ್ದೆಂದು ಅನಿಸುವುದೇ ಇಲ್ಲ. ನಾನು ತಿಂದಿಲ್ಲ, ತಿನ್ನುವುದೂ ಇಲ್ಲ. ಸಮುದ್ರದಲ್ಲಿ ಕೊಲ್ಲುವ ಆ ದೊಡ್ಡ ಜೀವದ ಸಾವು ಬೇಗ ಆಗುತ್ತದೆಂಬ ಭರವಸೆ ನನಗಿಲ್ಲ. ಇಲ್ಲಿನ ಗೆಳೆಯರ ಜೊತೆ ಇದನ್ನು ಮುಕ್ತವಾಗಿ ಮಾತಾಡಿದ್ದೇನೆ. ಕರಾವಳಿಯ ಮನೆತನದವರಿಗೆ ಅದು ಅಜ್ಜನ ಕಾಲದ ಊಟ, ಅವರ ಮಾತೂ ಕೇಳುವಂಥದ್ದೇ. ನೀವು ತಿನ್ನುವಿರಾದರೆ ಎರಡು ತಿಳಿದಿರಲಿ: ಪಾದರಸದ ಕಾರಣಕ್ಕೆ ಬಸುರಿಯರು, ಎದೆಹಾಲು ಕುಡಿಸುವವರು ತಿನ್ನಬಾರದೆಂದು ಇಲ್ಲಿನ ಆಹಾರ ಇಲಾಖೆಯೇ ಹೇಳುತ್ತದೆ. ಇನ್ನೊಂದು, ಅದನ್ನು ದೇಶದ ಹೊರಗೆ ಒಯ್ಯುವ ಯೋಚನೆ ಬೇಡ, ಅಳಿವಿನಂಚಿನ ಜೀವಿಗಳ ಒಪ್ಪಂದದಡಿ ಸಿಕ್ಕಿಬೀಳುತ್ತೀರಿ.

ನಾನು ದನದ ಮಾಂಸ ತಿನ್ನುವುದಿಲ್ಲ / ಹಂದಿ ತಿನ್ನುವುದಿಲ್ಲ. ಮೋಸಹೋಗದಿರುವುದು ಹೇಗೆ?

ಈ ಹೆಸರುಗಳನ್ನು ಬಾಯಿಪಾಠ ಮಾಡಿ: ಸ್ಟೂರ್‌ಫೆ ದನ, ಸ್ವೀನ್ ಹಂದಿ, ಲಾಮ್ ಕುರಿಮರಿ, ಫೋರ್ ಬಲಿತ ಕುರಿ, ರೈನ್ ಹಿಮಸಾರಂಗ, ಎಲ್ಗ್ ಮೂಸ್, ಯೋರ್ಟ್ ಕೆಂಜಿಂಕೆ, ವಾಲ್ ತಿಮಿಂಗಿಲ, ಹೆಸ್ಟ್ ಕುದುರೆ. ಕೊನೆಯದನ್ನು ಯಾಕೆ ಹೇಳಿದೆನೆಂದರೆ, ಇಲ್ಲಿನ ಕೆಲವು ಒಣ ಸಾಸೇಜುಗಳಲ್ಲಿ ಕುದುರೆ ಮಾಂಸ ಸೇರಿರುತ್ತದೆ ಮತ್ತು ಅದು ಹಿಂಬದಿಯ ಸಣ್ಣ ಅಕ್ಷರದಲ್ಲಿ ಮಾತ್ರ ಇರುತ್ತದೆ. ಬರಿಯ ‘ಶೊಟ್‌ದೈಗ್’ ಎಂದಿದ್ದರೆ ದನದ ಖೀಮಾ. ಮುಂಬದಿಯಲ್ಲಿ ಹಿಮಸಾರಂಗದ ಚಿತ್ರವಿದ್ದ ಬರ್ಗರ್‌ನಲ್ಲಿ ಅರ್ಧಕ್ಕರ್ಧ ಹಂದಿಯಿದ್ದದ್ದನ್ನು ನಾನೇ ಮನೆಗೆ ತಂದು, ಹುರಿದು, ಹಂದಿ ತಿನ್ನದ ಅತಿಥಿಗೆ ಬಡಿಸಿದ್ದೇನೆ. ಊಟವಾದ ಮೇಲೆ ಪೊಟ್ಟಣ ಓದಿದೆ. ಅವರ ಬಳಿ ಹೋಗಿ ಹೇಳಿ ಕ್ಷಮೆ ಕೇಳಿದೆ. ಆ ದಿನದಿಂದ ಶೇಕಡಾವಾರು ಓದದೆ ಏನನ್ನೂ ಕೊಂಡಿಲ್ಲ.

ಹಲಾಲ್ ಕೇಳುವವರಿಗೆ: ಪ್ರಜ್ಞೆ ತಪ್ಪಿಸದೆ ಕುಯ್ಯುವುದನ್ನು ನಾರ್ವೆ 1929ರ ಕಾನೂನಿನಿಂದಲೇ ನಿಲ್ಲಿಸಿದೆ. ಇಲ್ಲಿ ಕುಯ್ದ ಹಲಾಲ್ ಮಾಂಸವೆಂದರೆ ಪ್ರಜ್ಞೆ ತಪ್ಪಿಸಿ ಕುಯ್ದದ್ದು. ಒಪ್ಪುವುದು ಬಿಡುವುದು ನಿಮ್ಮ ನಂಬಿಕೆಗೆ ಸೇರಿದ್ದು.

ರಕ್ತ, ಕಾಲು, ಶ್ವಾಸಕೋಶದ ಅಡುಗೆಗಳು?

ಡಿಸೆಂಬರಿನಲ್ಲಿ ಸಿಲ್ತೆಲಬ್ ಸಿಗುತ್ತದೆ, ಉಪ್ಪಿನಲ್ಲಿಟ್ಟು ಬೇಯಿಸಿದ ಹಂದಿಕಾಲು, ಕೈಯಲ್ಲೇ ಹಿಡಿದು ಚೀಪುವುದು. ಸಿಲ್ತೆ ಎಂಬುದು ಹಂದಿತಲೆಯ ಮಾಂಸವನ್ನು ಬೇಯಿಸಿ ಒತ್ತಿ ತಣಿಸಿ ಹೋಳು ಮಾಡಿದ್ದು, ಬ್ರೆಡ್ಡಿನ ಮೇಲೆ ಇಡುತ್ತಾರೆ. ರಕ್ತದ ಕಡುಬಿಗೆ ಸಿಹಿ ಸಿರಪ್ ಸುರಿದು ತಿನ್ನುವವರಿದ್ದಾರೆ. ಲುಂಗೆಮೋಸ್ ಎಂಬ ಶ್ವಾಸಕೋಶದ ಖೀಮಾ ಹೊಸ ತಲೆಮಾರಿಗೆ ಮರೆತೇಹೋಗುತ್ತಿದೆ, ನನಗೆ ಒಮ್ಮೆ ಮಾತ್ರ ಸಿಕ್ಕಿತು.

ಊಟಕ್ಕೆ ಕರೆದಿದ್ದಾರೆ. ಬೇಡ ಎಂದರೆ ಬೇಸರಪಡುತ್ತಾರೆಯೇ?

ಇಲ್ಲ. ‘ನೈ ತಕ್’, ಬೇಡ ಥ್ಯಾಂಕ್ಸ್, ಎಂದರೆ ಅಲ್ಲಿಗೆ ಮುಗಿಯಿತು. ಎರಡನೇ ಸಲ ಒತ್ತಾಯ ಮಾಡುವುದಿಲ್ಲ, ಕಾರಣವನ್ನೂ ಕೇಳುವುದಿಲ್ಲ. ಇದಕ್ಕೆ ಇನ್ನೊಂದು ಮಗ್ಗುಲಿದೆ: ಸಂಕೋಚಕ್ಕೆ ಬೇಡ ಎಂದರೂ ಬೇಡವೇ ಆಗಿಬಿಡುತ್ತದೆ. ಹಸಿವಿದ್ದರೆ ಮೊದಲ ಸಲವೇ ಹ್ಞೂಂ ಅನ್ನಿ.

ಏನು ತಿನ್ನುವುದಿಲ್ಲ ಎಂಬುದನ್ನು ಆಹ್ವಾನ ಬಂದ ದಿನವೇ ಹೇಳುವುದು ಮರ್ಯಾದೆ. ಮೇಜಿನ ಮುಂದೆ ಕೂತು ಹೇಳಿದರೆ ಅವರಿಗೆ ಇಕ್ಕಟ್ಟು. ಮಾಂಸವೇ ತಿನ್ನದವರಿಗೆ ಆಲೂಗಡ್ಡೆ, ಗಡ್ಡೆಯ ಪಲ್ಯ, ತೀತೆಬ್ಯಾರ್ ಉಳಿಯುತ್ತವೆ. ಆದರೆ ಆ ಪಲ್ಯಕ್ಕೆ ಮಾಂಸದ ರಸ ಹಾಕುವ ಮುಂಚೆ ಒಂದು ಪಾಲು ತೆಗೆದಿಡಲು ಹೇಳಿ. ಊಟ ಮುಗಿಸಿ ಏಳುವಾಗ ‘ತಕ್ ಫೋರ್ ಮಾತೆನ್’ ಎನ್ನಬೇಕು, ಊಟಕ್ಕೆ ಧನ್ಯವಾದ ಎಂದರ್ಥ. ಏನೂ ತಿನ್ನದಿದ್ದರೂ ಇದನ್ನು ಮಾತ್ರ ಹೇಳಿ. ಐದು ವರ್ಷದ ಮಗುವೂ ತಪ್ಪಿಸುವುದಿಲ್ಲ.

ಬಸುರಿಯರು, ಮಕ್ಕಳು?

ಚೆನ್ನಾಗಿ ಬೆಂದ ಫೋರಿಕೋಲ್, ಬಿದೋಸ್ ಧಾರಾಳವಾಗಿ ತಿನ್ನಬಹುದು. ಅರೆಬೆಂದ ಮಾಂಸದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ ಇರಬಹುದು, ಅದು ಹೊಟ್ಟೆಯಲ್ಲಿರುವ ಮಗುವಿಗೆ ಕೆಡುಕು. ಹೋಟೆಲಿನಲ್ಲಿ ಹಿಮಸಾರಂಗದ ತುಂಡನ್ನು ಒಳಗೆ ಕೆಂಪಾಗಿಯೇ ತರುತ್ತಾರೆ, ಪೂರ್ತಿ ಬೇಯಿಸಲು ಹೇಳಿ. ಲಿವರ್‌ನಲ್ಲಿ ಎ ವಿಟಮಿನ್ ಅತಿಯಾಗಿರುವುದರಿಂದ ಆ ತಿಂಗಳುಗಳಲ್ಲಿ ದೂರವಿಡಿ. ಒಣಮಾಂಸದ ಬಗ್ಗೆ ನಿಮ್ಮ ಸೂಲಗಿತ್ತಿಯನ್ನೇ ಕೇಳಿ, ಇಲ್ಲಿ ಅವರು ಸಮಾಧಾನದಿಂದ ಉತ್ತರಿಸುತ್ತಾರೆ.

ಜೊತೆಗೆ ಅಕೆವಿಟ್ ಕುಡಿಯಲೇಬೇಕೇ?

ಬೇಕಿಲ್ಲ. ಆಲೂಗಡ್ಡೆಯಿಂದ ತೆಗೆದು ಸೋಂಪಿನಂಥ ಕಾಳುಗಳ ಪರಿಮಳ ಹಾಕಿದ ಮದ್ಯ ಅದು, ಕೊಬ್ಬಿನ ಊಟಕ್ಕೆ ಜೋಡಿ ಎಂದು ನಂಬುತ್ತಾರೆ. ಶೇ. 4.7ಕ್ಕಿಂತ ಹೆಚ್ಚು ಮದ್ಯಾಂಶವಿರುವುದು ಸರ್ಕಾರಿ ಅಂಗಡಿಯಲ್ಲಿ ಮಾತ್ರ, ಭಾನುವಾರ ಬಾಗಿಲು ಹಾಕಿರುತ್ತದೆ. ಬಿಸಿ ನೀರು ಕುಡಿದರೂ ಊಟ ಸಾಗುತ್ತದೆ.

ನಮ್ಮ ಮಸಾಲೆ ಹಾಕಿ ಮಾಡಬಹುದೇ?

ಮಾಡಬಹುದು, ನಾನೂ ಮಾಡುತ್ತೇನೆ. ಆದರೆ ಮೊದಲ ಸಲ ಅವರ ರೀತಿಯಲ್ಲೇ ಉಂಡು ನೋಡಿ. ಬೆಟ್ಟದ ಹುಲ್ಲು, ಹೂವು, ಚಿಗುರು ಮೇಯ್ದ ಮಾಂಸಕ್ಕೆ ತನ್ನದೇ ಪರಿಮಳವಿದೆ. ಶುಂಠಿ ಬೆಳ್ಳುಳ್ಳಿ ಅರೆದು ಹಾಕಿದರೆ ಅದು ಮುಚ್ಚಿಹೋಗುತ್ತದೆ, ಆಮೇಲೆ ಯಾವ ಮಾಂಸವಾದರೂ ಒಂದೇ. ಮೂಸ್‌ನ ಗಟ್ಟಿ ತುಂಡುಗಳಿಗೆ ಮಾತ್ರ ಕರಿಮೆಣಸು, ಲವಂಗ ಹಾಕಿದ ನಿಧಾನದ ಸಾರು ಒಗ್ಗುತ್ತದೆ. ಕೊಬ್ಬಿಲ್ಲದ ಮಾಂಸ, ಎಣ್ಣೆ ಸ್ವಲ್ಪ ಮುಂದಿರಲಿ.

ಹೊರದೇಶದಿಂದ ಮಾಂಸ ತರಬಹುದೇ?

ಐರೋಪ್ಯ ಆರ್ಥಿಕ ವಲಯದ ಆಚೆಯಿಂದ ಮಾಂಸವನ್ನಾಗಲಿ ಹಾಲಿನ ಪದಾರ್ಥವನ್ನಾಗಲಿ ಸೂಟ್‌ಕೇಸಿನಲ್ಲಿ ತರುವಂತಿಲ್ಲ. ಉಪ್ಪಿನಕಾಯಿ ರೂಪದ ಮಾಂಸವೂ ಮಾಂಸವೇ.

ಮನೆಯಲ್ಲೇ ಸ್ಮಾಲಾಹೋವೆ ಮಾಡಬಹುದೇ?

ಸುಟ್ಟು, ಉಪ್ಪಾಗಿಸಿ, ಒಣಗಿಸಿದ ತಲೆ ಶರತ್ಕಾಲದಲ್ಲಿ ಪಶ್ಚಿಮದ ಊರುಗಳಲ್ಲಿ ಕೊಳ್ಳಲು ಸಿಗುತ್ತದೆ. ಒಂದು ರಾತ್ರಿಯಾದರೂ ನೀರಿನಲ್ಲಿ ನೆನೆಸಿ, ಮಸಿ ಉಳಿದಿದ್ದರೆ ಬ್ರಶ್ಶಿನಿಂದ ಉಜ್ಜಿ ತೊಳೆದು, ದೊಡ್ಡ ಪಾತ್ರೆಯಲ್ಲಿ ಮೂರು ತಾಸು ಸಣ್ಣಗೆ ಕುದಿಸಿ. ಕೆನ್ನೆಗೆ ಚಾಕು ಚುಚ್ಚಿದರೆ ತಡೆಯಿಲ್ಲದೆ ಇಳಿಯಬೇಕು. ಅಡುಗೆಮನೆಯ ಬಾಗಿಲು ಮುಚ್ಚಿ ಕಿಟಕಿ ತೆರೆದಿಡಿ, ಜಾಕೆಟ್ಟುಗಳನ್ನು ಬೇರೆ ಕೋಣೆಗೆ ಸಾಗಿಸಿ. ತಟ್ಟೆಗಳನ್ನು ಮೊದಲೇ ಓವನ್ನಿನಲ್ಲಿ ಬಿಸಿ ಮಾಡಿಟ್ಟಿರಿ. ಎಲ್ಲರೂ ಮೇಜಿಗೆ ಬಂದು ಕೂತ ಮೇಲೆಯೇ ಪಾತ್ರೆಯಿಂದ ಎತ್ತಿ.